ಬೋರ್‌ವೆಲ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತಾ?

ಪ್ರಶ್ನೆ: ನಮ್ಮದು ಪಾವಗಡದ ಕಡೆ ಹಳ್ಳಿ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಅಂತಾರೆ. ಚೆನ್ನಾಗಿ ಕುದಿಸಿ, ಸೋಸಿ ಕುಡಿದರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ವಾಂತಿಭೇದಿ, ಟೈಫಾಯಿಡ್ ತಡೆಯೋಕೆ ಅದು ಒಳ್ಳೆಯದೇ. ಆದರೆ ಫ್ಲೋರೈಡ್ ಇರುವುದು ಉಪ್ಪಿನ ಹಾಗೆ ನೀರಲ್ಲಿ ಕರಗಿ. ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಜಾಸ್ತಿ ಹೊತ್ತು ಕುದಿಸಿದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯೆಲ್ಲ ಇದೇ ಕಥೆ. ಆಳದ ಬಂಡೆಯ ಸಂದುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನಿಂದ ಫ್ಲೋರೈಡ್ ಎಳೆದುಕೊಳ್ಳುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಪರವಾಗಿಲ್ಲ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಕುಡಿಯಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಇದು ಗೊತ್ತಾಗಲ್ಲ. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯಾ ಕೇಳಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಮಹಿಳೆಯರಿಗೆ ಇದರ ತರಬೇತಿ ಕೊಡಬೇಕು ಅಂತಿದೆ. ಸಾಮಾನ್ಯವಾಗಿ ಬಳಸುವ ಕಿಟ್‌ನಲ್ಲಿ ನೀರಿಗೆ ಔಷಧ ಹಾಕಿದಾಗ ಬರುವ ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ ಅಂತ ಲೆಕ್ಕ.

ಒಳ್ಳೆಯ ನೀರು ಬಂದರೆ ಏನು ಬದಲಾಗುತ್ತದೆ? ಮೊದಲು ಕಾಣುವುದು ಮಕ್ಕಳ ಹಲ್ಲಿನಲ್ಲಿ. ಶಾಶ್ವತ ಹಲ್ಲು ದವಡೆಯೊಳಗೆ ತಯಾರಾಗುವುದು ಹೆಚ್ಚುಕಡಿಮೆ ಎಂಟು ವರ್ಷದವರೆಗೆ. ಆಗ ಕುಡಿದ ನೀರೇ ಹಲ್ಲಿಗೆ ಕಂದು ಪಟ್ಟೆ ಹಚ್ಚುತ್ತದೆ. ಹಾಗಾಗಿ ಒಂದೇ ಮನೆಯಲ್ಲಿ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುವಾಗ, ಒಳ್ಳೆಯ ನೀರು ಕುಡಿದು ಬೆಳೆದ ತಂಗಿಯ ಹಲ್ಲು ಸ್ವಚ್ಛವಾಗಿರಬಹುದು. ಅಕ್ಕನ ಕಲೆ ಎಷ್ಟು ಉಜ್ಜಿದರೂ ಹೋಗಲ್ಲ. ಹಿರಿಯರ ಕಥೆ ಇನ್ನೂ ಸಂಕಟದ್ದು. ಸೊಂಟ, ಕುತ್ತಿಗೆ, ಮಂಡಿ ಬಿಗಿದು, ಕೂತರೆ ಏಳೋಕಾಗಲ್ಲ. ವಾತ ಅಂದುಕೊಂಡು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಾರೆ. ಕೂಲಿ ತಪ್ಪುತ್ತದೆ, ದುಡ್ಡು ಮೆಡಿಕಲ್ ಶಾಪಿಗೆ ಹೋಗುತ್ತದೆ. ಬಾಗಿದ ಮೂಳೆ ನೆಟ್ಟಗಾಗಲ್ಲ. ಆದರೆ ಆರಂಭದಲ್ಲೇ ನೀರು ಬದಲಿಸಿದರೆ ನೋವು, ಹೊಟ್ಟೆಯ ತೊಂದರೆ ಕಡಿಮೆಯಾಗುವ ಸಾಧ್ಯತೆ ಇದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತರುತ್ತೀರಿ, ಕುಡಿಯೋಕೆ ಮಾತ್ರ ಇಟ್ಟುಕೊಳ್ಳುತ್ತೀರಿ. ಅನ್ನಕ್ಕೆ, ಸಾರಿಗೆ, ಮುದ್ದೆಯ ಎಸರಿಗೆ ಮತ್ತೆ ಬೋರ್ ನೀರು! ಆ ಫ್ಲೋರೈಡ್ ಎಲ್ಲ ತಟ್ಟೆಗೇ ಬರುತ್ತದೆ. ಅಡುಗೆಗೂ ಅದೇ ಕ್ಯಾನ್ ನೀರು ಬಳಸಿ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಸಾಕು. ನೀರು ಶುದ್ಧ ಮಾಡಿದ ಮೇಲೆ ಘಟಕ ಹೊರಗೆ ಬಿಡುವ ತ್ಯಾಜ್ಯ ನೀರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ, ದನಗಳಿಗೆ ಕುಡಿಸಬೇಡಿ.

ಘಟಕ ಕೆಟ್ಟು ನಿಂತರೆ? ಮಳೆನೀರು ಹಿಡಿಯಿರಿ, ಅದರಲ್ಲಿ ಫ್ಲೋರೈಡ್ ಇಲ್ಲದಷ್ಟು ಕಡಿಮೆ. 30 ಚದರ ಮೀಟರ್ ಮಾಳಿಗೆ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂದುಕೊಳ್ಳಿ. ಐದನೇ ಒಂದು ಪಾಲು ನಷ್ಟವಾದರೂ 12,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾಗುವುದು ಸುಮಾರು 9,100 ಲೀಟರ್. ಮೊದಲ ಮಳೆಯ ನೀರು ಬಿಟ್ಟುಬಿಡಿ, ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚಿ. ತೊಟ್ಟಿ ಕಟ್ಟೋಕೆ ಒಮ್ಮೆ ದುಡ್ಡು ಬೇಕು ನಿಜ, ಅದಕ್ಕೇ ಶಾಲೆ, ಅಂಗನವಾಡಿಯಲ್ಲಿ ಮೊದಲು ಮಾಡಿಸಿ ಅಂತ ಗ್ರಾಮಸಭೆಯಲ್ಲಿ ಕೇಳಿ.

ನಿಮ್ಮ ತಾಲ್ಲೂಕಿಗೆ ತುಂಗಭದ್ರಾ ಹಿನ್ನೀರು ತರುವ ಯೋಜನೆ ಇದೆ. ಮನೆ ನಲ್ಲಿಗೆ ಆ ನೀರು ಬಂದರೂ ಒಂದು ವಿಷಯ ವಿಚಾರಿಸಿ: ಹೊಳೆ ನೀರು ಸಾಲದ ದಿನ ಓವರ್‌ಹೆಡ್ ಟ್ಯಾಂಕಿಗೆ ಬೋರ್ ನೀರು ಬೆರೆಸುತ್ತಾರಾ? ನೀರು ಬಿಡುವವರಿಗೆ ಗೊತ್ತಿರುತ್ತದೆ. ಬೆರೆಸುವುದಾದರೆ ಆ ದಿನ ಮೊದಲೇ ಹೇಳಿ ಅನ್ನಿ, ಅಡುಗೆಗೆ ಬೇರೆ ನೀರು ಇಟ್ಟುಕೊಳ್ಳಬಹುದು.