ಬ್ಲೂಸ್‌ಬ್ರೇಕರ್ಸ್: ಯಾರು ಬಂದರು, ಬಿಟ್ಟು ಎಲ್ಲಿಗೆ ಹೋದರು

ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ ಮೇಲೆ ಇದು ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಬ್ಲೂಸ್‌ಬ್ರೇಕರ್ಸ್ ಅಂದರೆ ಜಾನ್ ಮೇಯಲ್‌ನ ಬ್ಲೂಸ್ ಸಂಗೀತದ ತಂಡ, ಲಂಡನ್, 1960ರ ದಶಕ. ಅವನೊಬ್ಬ ಕಾಯಂ, ಮಿಕ್ಕವರೆಲ್ಲ ಬಂದು ಹೋಗುವವರು. ಗಿಟಾರಿಗರು ಕ್ರಮವಾಗಿ ಎರಿಕ್ ಕ್ಲಾಪ್ಟನ್, ಪೀಟರ್ ಗ್ರೀನ್, ಮಿಕ್ ಟೇಲರ್. ಹೋದದ್ದು ಕ್ರೀಮ್, ಫ್ಲೀಟ್‌ವುಡ್ ಮ್ಯಾಕ್, ರೋಲಿಂಗ್ ಸ್ಟೋನ್ಸ್ ತಂಡಗಳಿಗೆ, ಅದೇ ಕ್ರಮದಲ್ಲಿ. ನಾನು ಮಗ್ಗಿಯ ಹಾಗೆ ಹೇಳಿಕೊಳ್ಳುವುದು: ಕ್ಲಾ-ಗ್ರೀ-ಟೇ, ಕ್ರೀ-ಫ್ಲೀ-ರೋ, 66-67-69. ಕೊನೆಯದು ಬಿಟ್ಟುಹೋದ ವರ್ಷಗಳು. ಕೇಳಿದವರು ನಗುತ್ತಾರೆ, ನಗಲಿ.

ಒಂದು ಎಚ್ಚರಿಕೆ: ಗ್ರೀನ್ ಬಂದದ್ದು ಎರಡು ಸಲ. 1965ರಲ್ಲಿ ಕ್ಲಾಪ್ಟನ್ ಗೆಳೆಯರ ಜೊತೆ ಗ್ರೀಸ್‌ಗೆ ಹೊರಟುಹೋದಾಗ ಕೆಲವು ದಿನ ನುಡಿಸಿದ. ಕ್ಲಾಪ್ಟನ್ ವಾಪಸ್ ಬಂದ, ಗ್ರೀನ್ ಹೊರಗೆ. 1966ರಲ್ಲಿ ಕ್ಲಾಪ್ಟನ್ ಕಾಯಂ ಆಗಿ ಬಿಟ್ಟ ಮೇಲೆ ಮತ್ತೆ ಒಳಗೆ.

ಈಗ ನನ್ನನ್ನು ಸತಾಯಿಸಿದ ಭಾಗ. ಫ್ಲೀಟ್‌ವುಡ್ ಮ್ಯಾಕ್ ಕಟ್ಟಿದವನು ಪೀಟರ್ ಗ್ರೀನ್. ಹಾಗಿದ್ದರೆ ಹೆಸರಿನಲ್ಲಿ ಗ್ರೀನ್ ಎಲ್ಲಿ? ಇಲ್ಲವೇ ಇಲ್ಲ! ‘ಫ್ಲೀಟ್‌ವುಡ್’ ಅಂದರೆ ಡ್ರಮ್ಸ್‌ನ ಮಿಕ್ ಫ್ಲೀಟ್‌ವುಡ್. ಬ್ಲೂಸ್‌ಬ್ರೇಕರ್ಸ್‌ನಲ್ಲಿ ಕೆಲವೇ ವಾರ ಇದ್ದು, ಕುಡಿತದಿಂದಾಗಿ ಕೆಲಸ ಕಳೆದುಕೊಂಡವನು. ‘ಮ್ಯಾಕ್’ ಅಂದರೆ ಬಾಸ್ ಗಿಟಾರಿನ ಜಾನ್ ಮೆಕ್‌ವೀ. ಹೆಸರು ಮೊದಲು ಹುಟ್ಟಿದ್ದು ತಂಡಕ್ಕಲ್ಲ, ಒಂದು ವಾದ್ಯಸಂಗೀತದ ತುಣುಕಿಗೆ. ಮೇಯಲ್ ಕೊಡಿಸಿದ ಸ್ಟುಡಿಯೋ ಸಮಯದಲ್ಲಿ ಗ್ರೀನ್ ಈ ಇಬ್ಬರ ಜೊತೆ ಅದನ್ನು ಮುದ್ರಿಸಿಕೊಂಡು, ಅವರ ಹೆಸರನ್ನೇ ಇಟ್ಟಿದ್ದ.

ಇನ್ನೂ ತಮಾಷೆ ಇದೆ. 1967ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವಿಂಡ್ಸರ್ ಸಂಗೀತೋತ್ಸವದಲ್ಲಿ ಫ್ಲೀಟ್‌ವುಡ್ ಮ್ಯಾಕ್ ಮೊದಲ ಸಲ ವೇದಿಕೆ ಹತ್ತಿದಾಗ ಆ ‘ಮ್ಯಾಕ್’ ಅಲ್ಲಿರಲೇ ಇಲ್ಲ. ಮೆಕ್‌ವೀ ಇನ್ನೂ ಮೇಯಲ್‌ನ ಸಂಬಳ ಬಿಡಲು ಹಿಂದೆಮುಂದೆ ನೋಡುತ್ತಿದ್ದ. ಬಾಸ್ ನುಡಿಸಿದ್ದು ಬಾಬ್ ಬ್ರನಿಂಗ್. ಮೆಕ್‌ವೀ ಸೇರಿದ್ದು ಕೆಲವು ವಾರಗಳ ನಂತರ. ನಾನು ಪ್ರತಿ ಸಲ ಎಡವುತ್ತಿದ್ದದ್ದು ಇಲ್ಲೇ: ಹೆಸರಿದೆಯಲ್ಲ, ಮೊದಲ ದಿನದಿಂದಲೇ ಇದ್ದಿರಬೇಕು ಅಂತ.

ಟೇಲರ್‌ದು ಸುಲಭ. 1967ರಲ್ಲಿ ಹದಿನೆಂಟಕ್ಕೆ ಮೇಯಲ್ ಬಳಿ ಬಂದ, 1969ರಲ್ಲಿ ಗಿಟಾರಿಗ ಬ್ರಿಯಾನ್ ಜೋನ್ಸ್ ಜಾಗಕ್ಕೆ ಸ್ಟೋನ್ಸ್ ಸೇರಿದ, 1974ರಲ್ಲಿ ಬಿಟ್ಟ. ಕ್ರೀಮ್‌ನ ಜಾಕ್ ಬ್ರೂಸ್ ಕೂಡ ಸ್ವಲ್ಪ ದಿನ ಮೇಯಲ್ ಬಳಿ ಇದ್ದವನೇ.

ಗ್ರೀನ್ 1970ರಲ್ಲಿ ತನ್ನ ತಂಡವನ್ನೇ ಬಿಟ್ಟ. 1977ರಲ್ಲಿ ಫ್ಲೀಟ್‌ವುಡ್ ಮ್ಯಾಕ್‌ನ ‘ರೂಮರ್ಸ್’ ಆಲ್ಬಮ್ ಲೋಕವನ್ನೆಲ್ಲ ಗೆದ್ದಾಗ ಮೊದಲಿನವರಲ್ಲಿ ಉಳಿದಿದ್ದವರು ಇಬ್ಬರೇ, ಹೆಸರಿನಲ್ಲಿದ್ದ ಆ ಇಬ್ಬರು.