ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು: ಜಾನ್ ಟೋಶಾಕ್ ಆಟಗಾರನಿಂದ ಮ್ಯಾನೇಜರ್ ಆದ ಕಥೆ

1981ರ ಅಕ್ಟೋಬರ್ 3. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಆ್ಯನ್‌ಫೀಲ್ಡ್ ಮೈದಾನ. ಆ ಕ್ಲಬ್ಬನ್ನು ಕಟ್ಟಿ ನಿಲ್ಲಿಸಿದ ಹಳೇ ಮ್ಯಾನೇಜರ್ ಬಿಲ್ ಶ್ಯಾಂಕ್ಲಿ ತೀರಿಕೊಂಡು ನಾಲ್ಕು ದಿನವಾಗಿತ್ತು. ಆಟಕ್ಕೆ ಮುಂಚೆ ಒಂದು ನಿಮಿಷ ಮೌನ. ಎದುರಾಳಿ ವೇಲ್ಸ್‌ನ ಸ್ವಾನ್ಸಿ ಸಿಟಿ. ಆ ತಂಡದ ಮ್ಯಾನೇಜರ್ ಮೌನಕ್ಕೆ ನಿಂತವರು ಟ್ರ್ಯಾಕ್‌ಸೂಟಿನ ಮೇಲಂಗಿ ಕಳಚಿದರು. ಒಳಗಿದ್ದದ್ದು ಲಿವರ್‌ಪೂಲ್‌ನ ಕೆಂಪು ಜೆರ್ಸಿ.

ತನ್ನ ತಂಡ ಪಕ್ಕದಲ್ಲೇ ನಿಂತಿರುವಾಗ ಎದುರಾಳಿಯ ಜೆರ್ಸಿ ತೊಟ್ಟು ನಿಲ್ಲುವುದು ಸರಿಯಾ? ಇವತ್ತಾಗಿದ್ದರೆ ಇದರ ಮೇಲೆ ಒಂದು ವಾರ ಜಗಳ ನಡೆಯುತ್ತಿತ್ತು. ನನಗಂತೂ ಅದು ತಪ್ಪು ಅನ್ನಿಸುವುದಿಲ್ಲ. ಗುರು ತೀರಿಕೊಂಡಾಗ ಶಿಷ್ಯ ಇಷ್ಟೂ ಮಾಡದಿದ್ದರೆ ಹೇಗೆ? ಆವತ್ತಿನ ಆಟ 2-2ರಲ್ಲಿ ಮುಗಿಯಿತು. ಮೂರೂವರೆ ವರ್ಷದ ಹಿಂದೆ ಇಂಗ್ಲಿಷ್ ಲೀಗಿನ ನಾಲ್ಕನೇ ಡಿವಿಷನ್‌ನಲ್ಲಿದ್ದ ತಂಡ, ಇಂಗ್ಲೆಂಡಿನ ಅತಿ ದೊಡ್ಡ ಕ್ಲಬ್ಬಿನ ಮನೆಯಲ್ಲೇ ಸಮ ಮಾಡಿಕೊಂಡು ಬಂದಿತ್ತು.

ಆ ಮ್ಯಾನೇಜರ್ ಜಾನ್ ಟೋಶಾಕ್. ಆಗ ಅವರಿಗೆ 32 ವರ್ಷ.

ಟೋಶಾಕ್ ಹುಟ್ಟಿದ್ದು 1949ರಲ್ಲಿ, ವೇಲ್ಸ್ ರಾಜಧಾನಿ ಕಾರ್ಡಿಫ್‌ನಲ್ಲಿ. 1965ರ ನವೆಂಬರ್‌ನಲ್ಲಿ, ಹದಿನಾರನೇ ವಯಸ್ಸಿನಲ್ಲೇ ಊರಿನ ಕ್ಲಬ್ ಕಾರ್ಡಿಫ್ ಸಿಟಿಗೆ ಆಡಿದರು. ಲೇಟನ್ ಓರಿಯಂಟ್ ಎದುರಿನ ಆ ಮೊದಲ ಆಟದಲ್ಲೇ ಗೋಲು ಹೊಡೆದರು. ಕಾರ್ಡಿಫ್ ಪರ ಆಡಿದ ಅತಿ ಕಿರಿಯ ಎಂಬ ದಾಖಲೆ 2007ರವರೆಗೂ ಅವರದ್ದೇ ಆಗಿತ್ತು. ಅದನ್ನು ಮುರಿದವನು ಏರನ್ ರ್‍ಯಾಮ್ಸಿ. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಎತ್ತರದ ಆಳು. ಚೆಂಡು ಗಾಳಿಯಲ್ಲಿ ಬಂದರೆ ಡಿಫೆಂಡರ್‌ಗಳಿಗಿಂತ ಮೇಲೆ ಹಾರಿ ತಲೆ ಕೊಡುವುದರಲ್ಲಿ ನಿಸ್ಸೀಮ. 1970ರ ನವೆಂಬರ್‌ನಲ್ಲಿ ಶ್ಯಾಂಕ್ಲಿ 1,10,000 ಪೌಂಡ್ ಕೊಟ್ಟು ಲಿವರ್‌ಪೂಲ್‌ಗೆ ಕರೆಸಿಕೊಂಡರು. ಅದೇ ತಿಂಗಳು ಪಕ್ಕದ ವೈರಿ ಎವರ್ಟನ್ ಎದುರು ಲಿವರ್‌ಪೂಲ್ 0-2ರಿಂದ ಹಿಂದಿತ್ತು. ಸಮ ಮಾಡಿದ ಗೋಲು ಟೋಶಾಕ್ ತಲೆಯಿಂದ ಬಂತು, ಲಿವರ್‌ಪೂಲ್ 3-2ರಿಂದ ಗೆದ್ದಿತು. ಇತ್ತ ಕಾರ್ಡಿಫ್‌ಗೂ ಅದೃಷ್ಟ ಒಲಿಯಿತು. ಅವರು ಬಿಟ್ಟುಹೋದ ನಾಲ್ಕೇ ತಿಂಗಳಿಗೆ ಅದು ಯುರೋಪಿಯನ್ ಪಂದ್ಯವೊಂದರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನೇ 1-0ಯಿಂದ ಸೋಲಿಸಿತು. ಟೋಶಾಕ್ ಹೊರಟ ಮೇಲೆ ಹಬ್ಬ ನಡೆಯುವುದು ಅಲ್ಲಿಂದಲೇ ಶುರು.

1971ರಲ್ಲಿ ಲಿವರ್‌ಪೂಲ್‌ಗೆ ಕೆವಿನ್ ಕೀಗನ್ ಬಂದರು. ಟೋಶಾಕ್ ಉದ್ದ, ಕೀಗನ್ ಗಿಡ್ಡ. ಒಬ್ಬರು ತಲೆಯಿಂದ ಚೆಂಡು ಇಳಿಸುವುದು, ಇನ್ನೊಬ್ಬರು ಓಡಿಬಂದು ಹೊಡೆಯುವುದು. ಇಬ್ಬರ ನಡುವೆ ಮನಸ್ಸು ಓದುವ ಶಕ್ತಿ ಇದೆ ಅಂತ ಜನ ಮಾತಾಡಿಕೊಂಡರು. ಟಿವಿಯವರು ಕೂರಿಸಿ ಪರೀಕ್ಷೆಯನ್ನೂ ಮಾಡಿದರು. ಕೀಗನ್ ಹಿಡಿದ ಕಾರ್ಡಿನಲ್ಲಿ ಏನಿದೆ ಅಂತ ಟೋಶಾಕ್ ಸರಿಯಾಗಿಯೇ ಹೇಳುತ್ತಿದ್ದರು. ಗುಟ್ಟು ಹೊರಬಂದದ್ದು ಆಮೇಲೆ: ಕ್ಯಾಮೆರಾದ ಲೆನ್ಸ್‌ನಲ್ಲಿ ಆ ಕಾರ್ಡಿನ ಪ್ರತಿಬಿಂಬ ಕಾಣುತ್ತಿತ್ತಂತೆ!

ಮ್ಯಾನೇಜರ್ ಆಗುವ ಮುಂಚೆ ಟೋಶಾಕ್ ಕಲಿತ ದೊಡ್ಡ ಪಾಠ ಅಂದರೆ 1973ರ ಯುಇಎಫ್‌ಎ ಕಪ್ (ಯುರೋಪಿನ ಕ್ಲಬ್‌ಗಳ ಒಂದು ಟೂರ್ನಿ) ಫೈನಲ್ ಅಂತ ನನ್ನ ಅನಿಸಿಕೆ. ಜರ್ಮನಿಯ ಬೊರೂಸಿಯಾ ಮೊಂಚೆನ್‌ಗ್ಲಾಡ್‌ಬಾಖ್ ಎದುರಾಳಿ. ಎರಡು ಪಂದ್ಯಗಳ ಗೋಲು ಕೂಡಿಸಿ ಗೆದ್ದವರನ್ನು ನಿರ್ಧರಿಸುವ ಪದ್ಧತಿ. ಮೊದಲ ಪಂದ್ಯದಲ್ಲಿ ಶ್ಯಾಂಕ್ಲಿ ಅವರನ್ನು ಬೆಂಚಿನಲ್ಲಿ ಕೂರಿಸಿದ್ದರು. ಜೋರು ಮಳೆ. ಇಪ್ಪತ್ತೇಳು ನಿಮಿಷಕ್ಕೆ ಆಟ ನಿಂತುಹೋಯಿತು. ಆದರೆ ಅಷ್ಟರಲ್ಲಿ ಶ್ಯಾಂಕ್ಲಿಗೆ ಒಂದು ವಿಷಯ ಕಂಡಿತ್ತು. ಎತ್ತರದ ಚೆಂಡು ಬಂದರೆ ಜರ್ಮನ್ ಡಿಫೆಂಡರ್‌ಗಳು ತಡವರಿಸುತ್ತಾರೆ. ಮಾರನೇ ದಿನ ಮರು ಆಟ, ಟೋಶಾಕ್ ತಂಡದಲ್ಲಿ. ಅವರು ತಲೆಯಿಂದ ಇಳಿಸಿಕೊಟ್ಟ ಚೆಂಡುಗಳಿಗೆ ಕೀಗನ್ ಎರಡು ಗೋಲು ಹೊಡೆದರು. 3-0. ಜರ್ಮನಿಯಲ್ಲಿ 0-2ರಿಂದ ಸೋತರೂ ಕಪ್ ಲಿವರ್‌ಪೂಲ್‌ಗೇ ಬಂತು. ಒಬ್ಬ ಮ್ಯಾನೇಜರ್ ಕಣ್ಣು ತೆರೆದು ಅರ್ಧ ಗಂಟೆ ನೋಡಿದರೆ ಏನಾಗುತ್ತದೆ ಅನ್ನುವುದು ಅವರಿಗೆ ಅನುಭವದಿಂದಲೇ ಗೊತ್ತಾಗಿತ್ತು.

ಲಿವರ್‌ಪೂಲ್ ಪರ ಒಟ್ಟು 96 ಗೋಲು. ಲೀಗ್, ಎಫ್‌ಎ ಕಪ್, ಯುಇಎಫ್‌ಎ ಕಪ್ ಎಲ್ಲವೂ ಸಿಕ್ಕವು. ಆದರೆ ಗಾಯ ಬೆನ್ನು ಬಿಡಲಿಲ್ಲ. 1974ರಲ್ಲಿ ಲೆಸ್ಟರ್‌ಗೆ ಹೋಗುವುದು ಖಾತ್ರಿಯಾಗಿತ್ತು, ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾಗಿ ವಾಪಸ್ ಬಂದರು. 1977ರಲ್ಲಿ ಫ್ರಾನ್ಸಿನ ಸೇಂಟ್ ಎಟಿಯೆನ್ ಎದುರಿನ ಪ್ರಸಿದ್ಧ ಪಂದ್ಯದಲ್ಲಿ ಅವರನ್ನು ಹೊರಗೆ ಕರೆದು ಡೇವಿಡ್ ಫೇರ್‌ಕ್ಲಫ್ ಎಂಬ ಹುಡುಗನನ್ನು ಇಳಿಸಿದರು. ಗೆಲುವಿನ ಗೋಲು ಹೊಡೆದವನು ಆ ಹುಡುಗ. ಆ ವರ್ಷ ಲಿವರ್‌ಪೂಲ್ ಮೊದಲ ಬಾರಿ ಯುರೋಪಿಯನ್ ಕಪ್ ಗೆದ್ದಾಗ ಟೋಶಾಕ್ ಫೈನಲ್ ಆಡಲಿಲ್ಲ.

1978ರ ಮಾರ್ಚ್ 1ರಂದು ಸ್ವಾನ್ಸಿಗೆ ಹೋದರು. ಆಟಗಾರನೂ ಅವರೇ, ಮ್ಯಾನೇಜರೂ ಅವರೇ. ಇನ್ನೂ 29 ತುಂಬಿರಲಿಲ್ಲ. ಇಡೀ ಲೀಗಿನಲ್ಲಿ ಅವರಷ್ಟು ಚಿಕ್ಕ ಮ್ಯಾನೇಜರ್ ಬೇರೆ ಇರಲಿಲ್ಲ. ತಂಡ ಇದ್ದದ್ದು ನಾಲ್ಕನೇ ಡಿವಿಷನ್‌ನಲ್ಲಿ, ಅಂದರೆ ಏಣಿಯ ಕೊನೇ ಮೆಟ್ಟಿಲಿನಲ್ಲಿ. ಲಿವರ್‌ಪೂಲ್ ಬಿಟ್ಟು ಇಲ್ಲಿಗಾ ಅಂತ ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಅಲ್ಲಿ ಏನೂ ಇರಲಿಲ್ಲ ಅಂತ ಅಂದುಕೊಳ್ಳಬೇಡಿ. ಟೋಶಾಕ್‌ಗೆ ಮುಂಚೆ ತಂಡ ನೋಡಿಕೊಳ್ಳುತ್ತಿದ್ದವರು ಹ್ಯಾರಿ ಗ್ರಿಫಿತ್ಸ್. ಸ್ವಾನ್ಸಿಯ ಮನುಷ್ಯ, ಅದೇ ಕ್ಲಬ್ಬಿಗೆ ನಾನೂರಕ್ಕೂ ಜಾಸ್ತಿ ಪಂದ್ಯ ಆಡಿದವರು. ಆಲನ್ ಕರ್ಟಿಸ್, ರಾಬಿ ಜೇಮ್ಸ್, ಜೆರೆಮಿ ಚಾರ್ಲ್ಸ್ ಎಂಬ ವೇಲ್ಸ್ ಹುಡುಗರನ್ನು ಇಟ್ಟುಕೊಂಡು ಒಳ್ಳೆಯ ತಂಡ ಕಟ್ಟುತ್ತಿದ್ದರು. ಹೊಸಬರು ಬಂದಾಗ ಮುನಿಸಿಕೊಳ್ಳದೆ ಸಹಾಯಕರಾಗಿ ಉಳಿದರು. ಏಪ್ರಿಲ್ ತಿಂಗಳಲ್ಲಿ ಹಾರ್ಟ್ಲ್‌ಪೂಲ್ ಎದುರು 8-0 ಗೆಲುವು ಬಂತು. ಕರ್ಟಿಸ್ ಮೂರು, ರಾಬಿ ಜೇಮ್ಸ್ ಮೂರು. ಅದೇ ತಿಂಗಳ 25ರಂದು, ಪಂದ್ಯಕ್ಕೆ ಸ್ವಲ್ಪ ಮುಂಚೆ, ಸ್ವಾನ್ಸಿಯ ವೆಚ್ ಫೀಲ್ಡ್ ಮೈದಾನದಲ್ಲೇ ಗ್ರಿಫಿತ್ಸ್‌ಗೆ ಹೃದಯಾಘಾತವಾಯಿತು. ಕೆಲವೇ ದಿನಗಳಲ್ಲಿ ತಂಡಕ್ಕೆ ಮೇಲಿನ ಡಿವಿಷನ್‌ಗೆ ಬಡ್ತಿ ಸಿಕ್ಕಿತು. ಅದನ್ನು ನೋಡಲು ಅವರಿರಲಿಲ್ಲ. ಗ್ರಿಫಿತ್ಸ್ ಬಿತ್ತಿದ ಪೈರನ್ನು ಟೋಶಾಕ್ ಕೊಯ್ದರು ಅಂದರೆ ತಪ್ಪಾಗದು.

ಮುಂದಿನ ವರ್ಷ ಮತ್ತೆ ಬಡ್ತಿ. 1979ರ ಮೇ 11, ಚೆಸ್ಟರ್‌ಫೀಲ್ಡ್ ಎದುರು ಕೊನೆಯ ಆಟ, ಗೆಲ್ಲಲೇಬೇಕು. ಮ್ಯಾನೇಜರ್ ಬೆಂಚಿನಿಂದ ಎದ್ದು ತಾವೇ ಸಬ್‌ಸ್ಟಿಟ್ಯೂಟ್ ಆಗಿ ಇಳಿದು ಗೆಲುವಿನ ಗೋಲು ಹೊಡೆದರು. ತಲೆಯಿಂದಲೇ, ಇನ್ನೇನು! ಅದಾದ ಎಂಟನೇ ದಿನ ಕಾರ್ಡಿಫ್‌ನ ನಿನಿಯನ್ ಪಾರ್ಕ್‌ನಲ್ಲಿ ವೇಲ್ಸ್ ಪರ ಆಡಿ ಸ್ಕಾಟ್ಲೆಂಡ್ ಎದುರು ಹ್ಯಾಟ್ರಿಕ್. ಮುಗಿದ ಆಟಗಾರ ಅಂದವರು ಸುಮ್ನಾದರು.

ತಂಡ ಕಟ್ಟಿದ ರೀತಿ ಇದು: ಊರಿನ ಹುಡುಗರೇ ತಿರುಳು, ಸುತ್ತ ಅನುಭವಿಗಳ ಬೇಲಿ. ಲಿವರ್‌ಪೂಲ್‌ನಿಂದ ಹಳೇ ಗೆಳೆಯರಾದ ಟಾಮಿ ಸ್ಮಿತ್, ಇಯಾನ್ ಕ್ಯಾಲಹನ್ ಬಂದರು. ಆಮೇಲೆ ಯುಗೊಸ್ಲಾವಿಯಾದಿಂದ ಇಬ್ಬರು ಬಂದರು, ಹಜಿಯಾಬ್ದಿಚ್ ಮತ್ತು ಆಂಟೆ ರಾಯ್ಕೊವಿಚ್. ಬ್ರಿಟನ್ನಿನ ಸಣ್ಣ ಕ್ಲಬ್ಬೊಂದು ಆ ಕಾಲದಲ್ಲಿ ಪೂರ್ವ ಯುರೋಪಿನತ್ತ ನೋಡುವುದೇ ಅಪರೂಪ. 1981ರ ಮೇ 2ರಂದು ಪ್ರೆಸ್ಟನ್‌ನಲ್ಲಿ 3-1ರಿಂದ ಗೆದ್ದು ಮೊದಲ ಡಿವಿಷನ್‌ಗೆ ಏರಿದರು. ನಾಲ್ಕು ಸೀಸನ್‌ಗಳಲ್ಲಿ ಮೂರು ಬಡ್ತಿ.

ಮೊದಲ ಡಿವಿಷನ್‌ನ ಮೊದಲ ಆಟ ಲೀಡ್ಸ್ ಎದುರು, 5-1. ಆ ಪಂದ್ಯದಲ್ಲಿ ಒಂದು ಮಜಾ ಇದೆ. ಸ್ವಾನ್ಸಿಯ ಮೊದಲ ಗೋಲು ಜೆರೆಮಿ ಚಾರ್ಲ್ಸ್‌ದು. ಅವರ ದೊಡ್ಡಪ್ಪ ಜಾನ್ ಚಾರ್ಲ್ಸ್ ಲೀಡ್ಸ್ ಕ್ಲಬ್ಬಿನ ದಂತಕಥೆ. ಆಮೇಲೆ ಬಾಬ್ ಲ್ಯಾಚ್‌ಫೋರ್ಡ್ ಹ್ಯಾಟ್ರಿಕ್. ಕೊನೆಯದು ಆಲನ್ ಕರ್ಟಿಸ್‌ದು. ಅವರು ಮಧ್ಯೆ ಲೀಡ್ಸ್‌ಗೆ ಮಾರಾಟವಾಗಿ, ಅಲ್ಲಿ ನೆಲೆಯೂರದೆ ಊರಿಗೆ ವಾಪಸ್ ಬಂದವರು. ಆ ಸೀಸನ್‌ನಲ್ಲಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್ ಮೂರೂ ವೆಚ್ ಫೀಲ್ಡ್‌ಗೆ ಬಂದು ಸೋತು ಹೋದವು. ಸ್ವಾನ್ಸಿ ಪಟ್ಟಿಯ ತುದಿಯಲ್ಲೂ ಕೂತು ಬಂತು. ಕೊನೆಗೆ ಆರನೇ ಸ್ಥಾನ.

ಇಳಿದದ್ದೂ ಅಷ್ಟೇ ಬೇಗ. ಆಟಗಾರರನ್ನು ಕೊಳ್ಳಲು ಸುರಿದ ದುಡ್ಡು ಸಾಲವಾಯಿತು, ಗಾಯಗಳು ಜಾಸ್ತಿಯಾದವು. 1983ರಲ್ಲಿ ಕೆಳಕ್ಕೆ ಬಿದ್ದರು. ಟೋಶಾಕ್ ಅಕ್ಟೋಬರ್‌ನಲ್ಲಿ ಬಿಟ್ಟರು, ಡಿಸೆಂಬರ್‌ನಲ್ಲಿ ಮತ್ತೆ ಬಂದರು, 1984ರ ಮಾರ್ಚ್‌ನಲ್ಲಿ ಕೆಲಸ ಕಳೆದುಕೊಂಡರು. 1985ರ ಕೊನೆಗೆ ಕ್ಲಬ್ಬನ್ನೇ ಮುಚ್ಚುವ ಕೋರ್ಟ್ ಆದೇಶ ಬಂತು. ಹೇಗೋ ಉಳಿದುಕೊಂಡರೂ 1986ರಲ್ಲಿ ಸ್ವಾನ್ಸಿ ಮತ್ತೆ ನಾಲ್ಕನೇ ಡಿವಿಷನ್‌ಗೇ ಬಂದು ನಿಂತಿತು. ಏರಿಸಿದ ಕೀರ್ತಿ ಅವರದ್ದಾದರೆ, ಬಿದ್ದದ್ದರಲ್ಲೂ ಅವರಿಗೆ ಪಾಲಿದೆ. ಕೈಗೆ ಮೀರಿದ ಖರ್ಚಿಗೆ ಅವರೂ ಹೊಣೆ.

ಬ್ರಿಟಿಷ್ ಮ್ಯಾನೇಜರ್‌ಗಳು ಹೊರದೇಶಕ್ಕೆ ಹೋಗುವುದು ಆಗ ತೀರ ಕಡಿಮೆ. ಟೋಶಾಕ್ ಹೋದರು. ಲಿಸ್ಬನ್‌ನ ಸ್ಪೋರ್ಟಿಂಗ್‌ನಲ್ಲಿ ಒಂದು ವರ್ಷ. 1985ರಲ್ಲಿ ಸ್ಪೇನಿನ ಬಾಸ್ಕ್ ನಾಡಿಗೆ, ಸಾನ್ ಸೆಬಾಸ್ಟಿಯನ್ ನಗರದ ರಿಯಲ್ ಸೊಸಿಯೆದಾದ್‌ಗೆ. ಅದೂ ವೇಲ್ಸ್ ಹಾಗೇ, ತನ್ನದೇ ಭಾಷೆ ಇರುವ ಪುಟ್ಟ ನಾಡು. ಆಗ ಕ್ಲಬ್ಬಿನಲ್ಲಿ ಬಾಸ್ಕ್ ಆಟಗಾರರಿಗೆ ಮಾತ್ರ ಜಾಗವಿತ್ತು. ಬೇರೆ ಮ್ಯಾನೇಜರ್‌ಗೆ ಇದು ಕೈ ಕಟ್ಟಿಹಾಕಿದಂತೆ. ಊರಿನ ಹುಡುಗರಿಂದಲೇ ತಂಡ ಕಟ್ಟಿ ಬಂದವರಿಗೆ? ಹೇಳಿ ಮಾಡಿಸಿದ ಹಾಗಿತ್ತು.

1987ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಪೇನಿನ ಕಪ್ ಗೆದ್ದರು. ಮರುವರ್ಷ ಲೀಗಿನಲ್ಲಿ ಎರಡನೇ ಸ್ಥಾನ, ಕಪ್ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು 0-1ರ ಸೋಲು. ಆಮೇಲೆ ಅದೇ ಬಾರ್ಸಿಲೋನಾ ಬಂದು ಬಕೆರೊ, ಬೆಗಿರಿಸ್ತೈನ್, ಲೋಪೆಸ್ ರೆಕಾರ್ತೆ ಮೂವರನ್ನೂ ಕರೆದೊಯ್ದಿತು. ಯೋಹಾನ್ ಕ್ರೈಫ್ ಕಟ್ಟಿದ ಪ್ರಸಿದ್ಧ ತಂಡದಲ್ಲಿ ಅವರಿದ್ದರು. ಮತ್ತೆ ಬೇರೆಯವರ ಕೊಯ್ಲು.

1989ರಲ್ಲಿ ರಿಯಲ್ ಮ್ಯಾಡ್ರಿಡ್ ಕರೆಯಿತು. ಮೊದಲ ಸೀಸನ್‌ನಲ್ಲೇ ಲೀಗ್ ಕಿರೀಟ, 38 ಪಂದ್ಯಗಳಲ್ಲಿ 107 ಗೋಲು. ಆ ದಾಖಲೆ 2012ರವರೆಗೆ ಉಳಿಯಿತು. ಊಗೊ ಸಾಂಚೆಸ್ ಒಬ್ಬರೇ 38 ಗೋಲು ಹೊಡೆದರು, ಎಲ್ಲವೂ ಒಂದೇ ಟಚ್‌ನಲ್ಲಿ. ಇಷ್ಟಾದರೂ 1990ರ ನವೆಂಬರ್‌ನಲ್ಲಿ ಮನೆಗೆ ಕಳಿಸಿದರು. ಅಲ್ಲಿ ಬೆಳೆಸುವುದಕ್ಕೆ ಸಮಯ ಯಾರು ಕೊಡುತ್ತಾರೆ? 1999ರಲ್ಲಿ ಎರಡನೇ ಸಲ ಕರೆದರು. ಆಗ ತಮ್ಮ ಗೋಲ್‌ಕೀಪರ್ ಬಗ್ಗೆ ಬಹಿರಂಗವಾಗಿ ಟೀಕೆ ಮಾಡಿದರು. ಮಾತು ವಾಪಸ್ ತಗೊಳ್ಳಿ ಅಂದಾಗ, ಬರ್ನಬ್ಯೂ ಮೈದಾನದ ಮೇಲೆ ಹಂದಿ ಹಾರುವುದನ್ನಾದರೂ ನೋಡಬಹುದು, ಅದು ಮಾತ್ರ ಆಗದು ಅನ್ನುವ ಅರ್ಥದ ಉತ್ತರ ಕೊಟ್ಟರು. ಕೆಲಸ ಹೋಯಿತು. ಅವರ ಜಾಗಕ್ಕೆ ಬಂದ ವಿಸೆಂತೆ ದೆಲ್ ಬೋಸ್ಕೆ 2000ದ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಎತ್ತಿದರು.

ಇದರ ಆಚೀಚೆ ಸ್ಪೇನಿನ ಡಿಪೋರ್ಟಿವೊ, ಇಸ್ತಾಂಬುಲ್‌ನ ಬೆಸಿಕ್ತಾಸ್, ಸೊಸಿಯೆದಾದ್‌ಗೆ ಮತ್ತೆರಡು ಸಲ. ಸ್ಪೇನ್‌ನಲ್ಲಿ ಅವರ ಒಂದು ಮಾತು ಈಗಲೂ ಓಡಾಡುತ್ತದೆ. ಸೋತ ದಿನ ಹನ್ನೊಂದು ಜನರನ್ನೂ ಬದಲಿಸಬೇಕು ಅನ್ನಿಸುತ್ತದೆ, ವಾರ ಕಳೆದಂತೆ ಆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ, ಕೊನೆಗೆ ಆಡಿಸುವುದು ಅದೇ ಹನ್ನೊಂದು ಪುಣ್ಯಾತ್ಮರನ್ನೇ. ಅವರು ಬಳಸಿದ ಪದ ಪುಣ್ಯಾತ್ಮ ಅಲ್ಲ, ಬಿಡಿ.

ವೇಲ್ಸ್ ರಾಷ್ಟ್ರೀಯ ತಂಡದ ಜತೆ ಮೊದಲ ಪ್ರಯತ್ನ ಎಡವಟ್ಟಾಗಿತ್ತು. 1994ರಲ್ಲಿ ಜನಪ್ರಿಯರಾಗಿದ್ದ ಮ್ಯಾನೇಜರ್ ಟೆರಿ ಯೋರತ್‌ರನ್ನು ಬಿಟ್ಟು ಟೋಶಾಕ್‌ಗೆ ಕೆಲಸ ಕೊಟ್ಟರು. ನಾರ್ವೆ ಎದುರು 1-3ರಿಂದ ಸೋತರು, ತಮ್ಮೂರಿನ ನಿನಿಯನ್ ಪಾರ್ಕ್‌ನಲ್ಲೇ ಜನ ಕೂಗಾಡಿದರು. ಒಂದೇ ಪಂದ್ಯ, ಏಳು ವಾರ ತುಂಬುವ ಮುಂಚೆ ರಾಜೀನಾಮೆ.

2004ರ ನವೆಂಬರ್‌ನಲ್ಲಿ ಎರಡನೇ ಸಲ. ಗ್ಯಾರಿ ಸ್ಪೀಡ್ ಅಂತಾರಾಷ್ಟ್ರೀಯ ಆಟ ಬಿಟ್ಟಿದ್ದರು, ರಾಬಿ ಸ್ಯಾವೇಜ್ ಜತೆ ಜಗಳವಾಯಿತು, 2007ರಲ್ಲಿ ರಯಾನ್ ಗಿಗ್ಸ್ ಕೂಡ ಹೊರಟರು. ಉಳಿದ ದಾರಿ ಒಂದೇ, ಹುಡುಗರು. ಕಿರಿಯರ ತಂಡವನ್ನು ಬ್ರಯನ್ ಫ್ಲಿನ್‌ಗೆ ವಹಿಸಿದರು. ಫ್ಲಿನ್ ಇಂಗ್ಲೆಂಡಿನ ಸಣ್ಣಪುಟ್ಟ ಕ್ಲಬ್‌ಗಳನ್ನೂ ಸುತ್ತಿ, ಅಜ್ಜನೋ ಅಜ್ಜಿಯೋ ವೇಲ್ಸ್‌ನವರಾಗಿದ್ದರೆ ಸಾಕು, ಹುಡುಕಿ ತಂದರು. 2006ರ ಮೇ ತಿಂಗಳಲ್ಲಿ ಆಸ್ಟ್ರಿಯಾದ ಗ್ರಾಟ್ಜ್‌ನಲ್ಲಿ ಟ್ರಿನಿಡಾಡ್ ಎದುರು ಹದಿನಾರು ವರ್ಷದ ಹುಡುಗನೊಬ್ಬ ಇಳಿದ. ಹೆಸರು ಗರೆತ್ ಬೇಲ್. ಕಾರ್ಡಿಫ್ ಹುಡುಗ. ಹೀಗೇ ಅವಕಾಶ ಸಿಕ್ಕ ಇತರರು ರ್‍ಯಾಮ್ಸಿ, ಹೆನೆಸಿ, ಲೆಡ್ಲಿ, ಗಂಟರ್, ಜೋ ಆಲೆನ್.

ಫಲಿತಾಂಶ? ಕೇಳಬೇಡಿ. 2006ರ ಅಕ್ಟೋಬರ್‌ನಲ್ಲಿ ಕಾರ್ಡಿಫ್‌ನಲ್ಲೇ ಸ್ಲೊವಾಕಿಯಾ ಎದುರು 1-5. ಆ ಒಂದು ಗೋಲು ಬೇಲ್‌ನ ಫ್ರೀ ಕಿಕ್. ಯಾವ ದೊಡ್ಡ ಟೂರ್ನಿಗೂ ತಂಡ ಅರ್ಹತೆ ಪಡೆಯಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಮಾಂಟೆನೆಗ್ರೊ ಎದುರು ಸೋತ ಮೇಲೆ ಟೋಶಾಕ್ ಬಿಟ್ಟರು. ಆಮೇಲೆಯೂ ಸುಮ್ಮನೆ ಕೂರಲಿಲ್ಲ, 2015ರಲ್ಲಿ ಮೊರಾಕ್ಕೊದ ವಿದಾದ್ ಕಾಸಾಬ್ಲಾಂಕಾ ತಂಡಕ್ಕೆ ಲೀಗ್ ಗೆದ್ದುಕೊಟ್ಟರು.

ವೇಲ್ಸ್ ತಂಡ ಗ್ಯಾರಿ ಸ್ಪೀಡ್ ಕೈಗೆ ಬಂತು. 2011ರಲ್ಲಿ ಅವರು ತೀರಿಕೊಂಡ ಮೇಲೆ ಕ್ರಿಸ್ ಕೋಲ್ಮನ್ ಕೈಗೆ. ಕೋಲ್ಮನ್ ಸ್ವಾನ್ಸಿಯವರೇ. 2016ರ ಯೂರೊ ಕಪ್, ಫ್ರಾನ್ಸಿನ ಲಿಲ್ ನಗರ, ಬೆಲ್ಜಿಯಂ ಎದುರು ಕ್ವಾರ್ಟರ್ ಫೈನಲ್. ವೇಲ್ಸ್ 3-1ರಿಂದ ಗೆದ್ದು ಸೆಮಿಫೈನಲ್ ತಲುಪಿತು. ಗೋಲು ಹೊಡೆದವರು ಆ್ಯಶ್ಲಿ ವಿಲಿಯಮ್ಸ್, ಹಾಲ್ ರಾಬ್ಸನ್-ಕಾನು, ಸ್ಯಾಮ್ ವೋಕ್ಸ್. ಮೂವರೂ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಮೂವರಿಗೂ ವೇಲ್ಸ್ ಜೆರ್ಸಿ ಮೊದಲು ತೊಡಿಸಿದ್ದು ಟೋಶಾಕ್. ವಿಲಿಯಮ್ಸ್ ಗೋಲು ರ್‍ಯಾಮ್ಸಿಯ ಕಾರ್ನರ್‌ನಿಂದ ಬಂತು. ಕೊನೆಯದಕ್ಕೆ ಬಲಗಡೆಯಿಂದ ಗಂಟರ್ ಚೆಂಡು ಎತ್ತಿ ಹಾಕಿದ, ವೋಕ್ಸ್ ಮುನ್ನುಗ್ಗಿ ತಲೆ ಕೊಟ್ಟ.