ಹೊಲಿಯಲಾಗದಷ್ಟು ಹರಿದ ಭುಜಕ್ಕೆ ಏನೇನು ದಾರಿ?

ಕರಿಮೆಣಸಿನ ಕೊಯ್ಲು ಶುರುವಾಯಿತೆಂದರೆ ಕೊಡಗಿನ ತೋಟಗಳಿಂದ ಏಣಿ ಜಾರಿ ಬಿದ್ದವರ ಸುದ್ದಿಯೂ ಬರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿದ್ದರೆ ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಕೆಲಸಕ್ಕೆ ಇಳಿಯುವುದು ರೂಢಿ. ವರ್ಷ ಕಳೆದರೂ ಕೈ ಮೇಲೇಳದೆ ಮೈಸೂರಿಗೋ ಮಂಗಳೂರಿಗೋ ಹೋದಾಗ, ರೊಟೇಟರ್ ಕಫ್ ಹರಿದಿದೆ, ಇನ್ನು ಹೊಲಿಯಲು ಬಾರದು ಎಂಬ ಉತ್ತರ. ಒಬ್ಬರು ಭುಜದೊಳಗೆ ಬಲೂನ್ ಇಡೋಣ ಎನ್ನುತ್ತಾರೆ, ಇನ್ನೊಬ್ಬರು ಕೀಲನ್ನೇ ಬದಲಿಸಿ ಎನ್ನುತ್ತಾರೆ. ಮನೆಯವರಿಗೆ ತಲೆಬುಡ ತಿಳಿಯುವುದಿಲ್ಲ.

ಭುಜದ ಗುಂಡನ್ನು ಅಪ್ಪಿಕೊಂಡಿರುವ ನಾಲ್ಕು ಸ್ನಾಯುಗಳ ರಜ್ಜುವೇ ಈ ಕಫ್. ಮೂಳೆಯಿಂದ ಕಿತ್ತುಬಂದರೆ ಅದು ಒಳಕ್ಕೆ ಸರಿಯುತ್ತದೆ, ಕೆಲಸವಿಲ್ಲದ ಸ್ನಾಯುವಿನಲ್ಲಿ ಕೊಬ್ಬು ತುಂಬುತ್ತದೆ. 1994ರಲ್ಲಿ ಫ್ರಾನ್ಸಿನ ವೈದ್ಯ ಗುಟಾಲಿಯೆ ಇದನ್ನು 0ರಿಂದ 4ರವರೆಗೆ ಅಳೆದರು: 3 ಎಂದರೆ ಕೊಬ್ಬು, ಸ್ನಾಯು ಸಮಸಮ. ಅಲ್ಲಿಗೆ ಮುಟ್ಟಿದ ಮೇಲೆ ಬಲವಂತವಾಗಿ ಎಳೆದು ಹೊಲಿದರೆ ದಾರವೇ ರಜ್ಜುವನ್ನು ಕೊಯ್ದುಕೊಂಡು ಬರುತ್ತದೆ. ಬಿದ್ದು ಎರಡು ಮೂರು ವಾರವಾದರೂ ಕೈ ಏಳದಿದ್ದರೆ ಅಲ್ಟ್ರಾಸೌಂಡ್ ಮಾಡಿಸಿದರೂ ಹರಿದಿರುವುದು ಗೊತ್ತಾಗುತ್ತದೆ. ಕಳೆದುಕೊಳ್ಳಬಾರದ ಹೊತ್ತು ಅದು.

1911ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್ಮನ್ ಈ ಹೊಲಿಗೆಯ ಬಗ್ಗೆ ಬರೆದರು. 1988ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಗರ್ಬರ್ ಬೆನ್ನಿನ ಸ್ನಾಯುವನ್ನು ಭುಜಕ್ಕೆ ತಿರುಗಿಸಿ ಜೋಡಿಸುವ ವಿಧಾನ ವಿವರಿಸಿದರು. ಕೀಲು ಸವೆಯದ, ದುಡಿಯುವ ವಯಸ್ಸಿನವರಿಗೆ ಅದು ಇಂದಿಗೂ ಒಂದು ದಾರಿ. ಜಪಾನಿನ ಮಿಹಾಟಾ ತೊಡೆಯ ಪೊರೆಯನ್ನು ಭುಜದ ಮೇಲ್ಭಾಗಕ್ಕೆ ಹೊದಿಸಿದರು. ಭುಜದ ಗುಂಡಿಗೂ ಅದರ ಮೇಲಿನ ಮೂಳೆಗೂ ನಡುವೆ ಉಬ್ಬಿಸಿ ಇಡುವ ಬಲೂನಿನ ಮೇಲೆ ಬಹಳ ಭರವಸೆಯಿತ್ತು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ಬಲೂನಿಲ್ಲದೆ ಬರೀ ಕೀಹೋಲ್ (ಸಣ್ಣ ರಂಧ್ರದ) ಶಸ್ತ್ರಚಿಕಿತ್ಸೆಯಲ್ಲಿ ಒಳಭಾಗ ಶುಚಿ ಮಾಡಿಸಿಕೊಂಡವರೇ ವರ್ಷದ ಬಳಿಕ ಹೆಚ್ಚು ಚೇತರಿಸಿಕೊಂಡಿದ್ದರು.

ಹೆಚ್ಚು ಬದಲಾವಣೆ ತಂದದ್ದು ಫ್ರಾನ್ಸಿನ ಗ್ರಾಮೋಂ 1985ರಲ್ಲಿ ರೂಪಿಸಿದ ರಿವರ್ಸ್ ಕೀಲು. ಸಹಜವಾಗಿ ಗುಂಡು ತೋಳಿನ ಕಡೆ, ಬಟ್ಟಲು ಹೆಗಲೆಲುಬಿನ ಕಡೆ ಇರುತ್ತದೆ. ಇಲ್ಲಿ ಅದಲುಬದಲು: ಹೆಗಲೆಲುಬಿಗೆ ಪ್ಲೇಟು, ಸ್ಕ್ರೂ ಹಾಕಿ ಅದರ ಮೇಲೆ ಲೋಹದ ಗುಂಡು, ತೋಳಿನ ಮೂಳೆಯೊಳಗೆ ಇಳಿಸಿದ ಕಂಬಿಯ ತುದಿಗೆ ಪಾಲಿಎಥಿಲೀನ್ ಬಟ್ಟಲು. ತಿರುಗುವ ಕೇಂದ್ರ ಒಳಕ್ಕೂ ಕೆಳಕ್ಕೂ ಸರಿಯುವುದರಿಂದ ಮೇಲಿನ ಡೆಲ್ಟಾಯ್ಡ್ ಸ್ನಾಯುವಿಗೆ ಹೆಚ್ಚು ಹಿಡಿತ ಸಿಕ್ಕಿ, ಕಫ್ ಇಲ್ಲದೆಯೂ ಕೈ ಏಳುತ್ತದೆ. ಡೆಲ್ಟಾಯ್ಡ್‌ನ ನರವೇ ಸತ್ತಿದ್ದರೆ ಇದು ವ್ಯರ್ಥ. ಸೋಂಕು, ಕೀಲು ತಪ್ಪುವುದು, ಬಟ್ಟಲಿನಂಚು ಹೆಗಲೆಲುಬನ್ನು ಕೊರೆಯುವುದು ಇದರ ತೊಂದರೆಗಳು. ಮೊದಲ ಮೂರು ತಿಂಗಳು ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯಬಾರದು. ಕೊಡವರ ಉದ್ದನೆಯ ಕುಪ್ಯದ ಮೇಲೆ ಚೇಲೆ (ನಡುಪಟ್ಟಿ) ಸುತ್ತಿಕೊಳ್ಳಲೂ ಇನ್ನೊಬ್ಬರೇ ಬೇಕು. ಸಾಮಾನ್ಯವಾಗಿ 65 ದಾಟಿದವರಿಗೆ ಇದನ್ನು ಸೂಚಿಸುತ್ತಾರೆ. ಏಣಿ ಹತ್ತುವ ದುಡಿಮೆಗೆ ಇದು ಹೊಂದದು.

ಇದಕ್ಕೆಲ್ಲ ಮೊದಲು, ವಯಸ್ಸಾದವರಲ್ಲಿ ಡೆಲ್ಟಾಯ್ಡ್ ವ್ಯಾಯಾಮವನ್ನು ಮೂರು ತಿಂಗಳಾದರೂ ಮಾಡಿ ನೋಡಬೇಕು. ಅಂಗಾತ ಮಲಗಿ ಕೈಯನ್ನು ನೆಟ್ಟಗೆ ಮೇಲೆತ್ತಿ ಹಿಂದೆ ಮುಂದೆ ಆಡಿಸುವುದು, ಹಿಡಿತ ಬಂದಂತೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯುವುದು, ಆಮೇಲೆ ಬೆನ್ನಿಗೆ ದಿಂಬು ಏರಿಸುತ್ತ ಕುಳಿತು ಮಾಡುವುದು.